ಮಹರಿನ ಹೊಲದ ಕರಡ

ಕರ್ಜತ್ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಆ ಬೆಳಿಗ್ಗೆ ಗುಲಶನಳ ಗೋಣಿಚೀಲಗಳದ್ದೇ ಮಾತು. ಕುರ್ಲಾದಲ್ಲಿ ಅವನ್ನು ಒಳಗೆ ತಳ್ಳುವಾಗ ಎಲ್ಲರೂ ಗೊಣಗಿದ್ದರು. ಠಾಣೆ ದಾಟಿ ಕೂರಲು ಜಾಗವಾದ ಮೇಲೆ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಹೆಂಗಸೊಬ್ಬಳು ಒಂದು ಚೀಲವನ್ನು ಎತ್ತಿ ನೋಡಿ ಅದರ ಹಗುರಕ್ಕೆ ಬೆರಗಾದಳು.

"ಇತನಾ ಹಲಕಾ? ಕ್ಯಾ ಹೈ ಇಸ್ ಮೇ?"

"ಘಾಸ್ ಕಾ ಬೀಜ್. ಹೊಲದಾಗ ಬಿತ್ತಾಕ ಹೊಂಟೇನಿ," ಎಂದಳು ಗುಲಶನ, ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ.

ಡಬ್ಬಿಯೇ ನಕ್ಕಿತು. ಹುಲ್ಲು ಕಿತ್ತು ಕಿತ್ತು ಜನ ಸಾಯುತ್ತಾರೆ, ಇವಳು ದುಡಿದು ಬಿತ್ತುತ್ತಾಳಂತೆ! ಗುಲಶನಳೂ ನಕ್ಕಳು. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಅವಳ ಎದೆ ಈದ್ ದಿನದ ಹುಡುಗಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಕಿಟಕಿಯಾಚೆ ಮೋಡ ಇಳಿಯುತ್ತಿತ್ತು. ಮಳೆ ಬೀಳುವ ಮೊದಲು ಬೀಜ ನೆಲ ಸೇರಬೇಕಿತ್ತು.

ವಾಂಗಣಿ ಸ್ಟೇಷನ್ನಿನಿಂದ ಆಚೆ, ಗುಡ್ಡದ ಬುಡದಲ್ಲಿದ್ದ ಆ ಹೊಲ ಗುಲಶನಳಿಗೆ ನಿಕಾಹದಲ್ಲಿ ಮಹರ್ ಆಗಿ, ಅಂದರೆ ಗಂಡನ ಕಡೆಯಿಂದ ವಧುವಿಗೇ ಸಲ್ಲುವ ಆಸ್ತಿಯಾಗಿ, ಬಂದದ್ದು. ವಿಜಾಪುರದಿಂದ ಬಂದು ಕುರ್ಲಾದಲ್ಲಿ ಹುಲ್ಲಿನ ವ್ಯಾಪಾರ ಹೂಡಿದ ಮಾವ, ಸೊಸೆಯ ಹೆಸರಿಗೆ ಅದನ್ನು ಬರೆದುಕೊಟ್ಟಿದ್ದರು. ಹೊಲ ಅವಳದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ, ಅವಳೂ ಎತ್ತಿರಲಿಲ್ಲ. ಗಂಡ ಅಮೀರಸಾಬ ಅಲ್ಲಿ ಹೊರದೇಶದ ಮೇವಿನ ಹುಲ್ಲು ಬೆಳೆಸಿ, ಒಣಗಿಸಿ, ಪಿಂಡಿ ಕಟ್ಟಿ ಮುಂಬೈಯ ತಬೇಲಾಗಳ ಎಮ್ಮೆಗಳಿಗೆ ಹಾಕುತ್ತಿದ್ದ. ತಬೇಲಾಗಳು ಒಂದೊಂದಾಗಿ ಊರಾಚೆ ಹೋದವು, ವ್ಯಾಪಾರ ನಿಂತಿತು. ಆದರೆ ಒಂದು ರೂಢಿ ಮಾತ್ರ ನಿಲ್ಲಲಿಲ್ಲ. ಬೇಸಿಗೆ ಬಂದರೆ ಅಮೀರಸಾಬ ಹೋಗಿ ಹೊಲಕ್ಕೆ ಬೆಂಕಿ ಇಟ್ಟು ಬರುತ್ತಿದ್ದ. ಸುಟ್ಟರೆ ಚಿಗುರು ಚೆನ್ನಾಗಿ ಬರುತ್ತದೆಂದು ಅವನ ತಂದೆಯೂ ಹಾಗೇ ಮಾಡುತ್ತಿದ್ದರು.

ಹಿಂದಿನ ಬೇಸಿಗೆ ಗುಲಶನ ಸುಮ್ಮನೆ ಊರು ನೋಡಿದಂತಾಗಲೆಂದು ಜೊತೆಗೆ ಹೋಗಿದ್ದಳು. ಬೆಂಕಿ ಚಟಪಟ ಎನ್ನುತ್ತಾ ಹರಡಿತು. ಹೊಗೆಯ ಮೇಲೆ ಒಂದು ಜೋಡಿ ಟಿಟ್ಟಿಭ ಹಕ್ಕಿಗಳು ಸುತ್ತುತ್ತಾ ಕಿರುಚತೊಡಗಿದವು. ಅವುಗಳ ಮೊಟ್ಟೆ ಬರೀ ನೆಲದ ಮೇಲಿತ್ತು. ಗುಲಶನ ಗೋಣಿಯನ್ನು ನೀರಲ್ಲಿ ಅದ್ದಿ ಬೆಂಕಿ ಬಡಿಯುತ್ತಾ ಓಡಿದಳು. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯಿಂದ ಇನ್ನೊಬ್ಬಳೂ ಓಡಿಬಂದಿದ್ದಳು, ಕೊರಳಲ್ಲಿ ದುರ್ಬೀನು ತೂಗಿಕೊಂಡು. ದಾದರಿನ ಧಾತ್ರಿ, ಮೈಸೂರು ಕಡೆಯವರ ಮಗಳು, ಬಯಲಿನ ಹಕ್ಕಿಗಳ ಬಗ್ಗೆ ಓದುತ್ತಿದ್ದವಳು.

"ಆಂಟಿ, ಇದು ಮೊದಲು ಕರಡದ ಹುಲ್ಲಿನ ಬಯಲಾಗಿತ್ತು," ಎಂದಳು ಧಾತ್ರಿ, ಮಸಿ ಹತ್ತಿದ ಮುಖ ಒರೆಸಿಕೊಳ್ಳುತ್ತಾ. "ಈ ಮೇವಿನ ಹುಲ್ಲು ಎಷ್ಟು ದಟ್ಟ ಅಂದ್ರೆ ಹಕ್ಕಿ ಓಡಾಡೋಕ್ಕೇ ಜಾಗ ಇಲ್ಲ. ಅದನ್ನ ಕಿತ್ತು ಇಲ್ಲಿನ ಹುಲ್ಲು ಬಿತ್ತಿದ್ರೆ, ಬೆಂಕಿ ತಪ್ಪಿಸಿದ್ರೆ, ಎಲ್ಲಾ ವಾಪಸ್ ಬರತ್ತೆ. ಐ ಪ್ರಾಮಿಸ್."

ಆ ರಾತ್ರಿ ಊಟದ ಹೊತ್ತಿಗೆ ಗುಲಶನ ಹೊಲದಲ್ಲಿ ಕರಡ ಬಿತ್ತುವ ಮಾತು ತೆಗೆದಳು. ಮಗ ಅಬ್ರಾರ ತುತ್ತು ಕೆಳಗಿಟ್ಟ.

"ಅಮ್ಮೀ, ನಾ ಅಲ್ಲಿ ಮದವಿಗಿ ಬಾಡಗಿ ಕೊಡಾಕ ಶಾದಿ ಲಾನ್ ಮಾಡಬೇಕಂತ ಪ್ಲಾನ್ ಮಾಡೇನಿ. ಕಾರ್ಪೆಟ್ ಹುಲ್ಲು, ಲೈಟಿಂಗ್, ಪಾರ್ಕಿಂಗ್. ಈ ಚಾಳಿನಾಗ ಇನ್ನೆಷ್ಟು ದಿನಾ ಇರೋದು? ಅದರಾಗ ತಪ್ಪೇನೈತಿ?"

"ತಪ್ಪಿಲ್ಲ ಬೇಟಾ. ನೀ ದುಡದು ಮುಂದ ಬರಬೇಕು. ಆದ್ರ ಲಾನ್ ಮಾಡಾಕ ಬ್ಯಾರೆ ಜಾಗ ಸಿಗತೈತಿ. ಆ ಹಕ್ಕಿಗಿ ಎಲ್ಲಿ ಸಿಗತೈತಿ?"

ಅಮೀರಸಾಬ ಸಿಟ್ಟಾದ. "ನಮ್ಮ ಅಬ್ಬಾ ಸುಡತಿದ್ರು, ನಾ ಸುಟ್ಟೆ. ಅಲ್ಲಾಹನ ಭೂಮಿ ಪ್ರತಿ ಮಳಿಗಾಲ ಹಸರಾತು. ಈಗೇನು ನಾ ಪಾಪ ಮಾಡೇನಿ ಅಂತಿಯೇನ?"

"ಹಂಗ ಅನ್ನಂಗಿಲ್ರಿ. ನಿಮಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೋಡಿದ ಮ್ಯಾಲ ಗೊತ್ತಾತು." ಅವಳು ಇಷ್ಟು ವರ್ಷ ಆಡದಿದ್ದ ಮಾತನ್ನು ಮೆಲ್ಲಗೆ ಆಡಿದಳು: "ಅದು ನನ್ನ ಮಹರ್ ಐತ್ರಿ."

ಅಮೀರಸಾಬ ಕೈ ತೊಳೆಯಲು ಎದ್ದ. ಮಹರಿನ ಮೇಲೆ ಬೇರೆಯವರ ಹಕ್ಕು ನಡೆಯುವಂತಿರಲಿಲ್ಲ.

ಈ ಬೇಸಿಗೆ ಬಂದೊಡನೆ ಗುಲಶನ ಹೊಲ ಉಳುಮೆ ಮಾಡಿಸಿದಳು. ಹಳೆಯ ಹುಲ್ಲಿನ ಬೇರುಗಡ್ಡೆ ಬಿಸಿಲಿಗೆ ಒಣಗಿತು. ಪಕ್ಕದ ಹೊಲದ ಕಸ್ತೂರಿಬಾಯಿ ಅವಳ ಜೊತೆಗಾತಿಯಾದಳು. ಜತ್ತದ ಕಡೆಯಿಂದ ಮದುವೆಯಾಗಿ ಬಂದಿದ್ದ ಅವಳಿಗೆ ಕನ್ನಡದಲ್ಲಿ ಹರಟುವವರು ಸಿಕ್ಕಿದ್ದೇ ಹಬ್ಬ. ಲೋಕಲ್ಲಿನಲ್ಲಿ ತಂದ ಬೀಜ ನೆಲಕ್ಕೆ ಬಿದ್ದ ಸಂಜೆಯೇ ಮಳೆ ಹೊಡೆಯಿತು. ಇಬ್ಬರು ಹೆಂಗಸರೂ ಗೋಣಿ ತಲೆಗೆ ಹೊದ್ದು, ನೆನೆಯುತ್ತಾ ಕೇಕೆ ಹಾಕಿದರು.

ಮೊದಲು ಎದ್ದದ್ದು ಬರೀ ಕಳೆ, ಜೊತೆಗೆ ಹಠಮಾರಿ ಹಳೆಯ ಹುಲ್ಲು. ಅಮೀರಸಾಬ ನಕ್ಕ. ಗುಲಶನ ವಾರಕ್ಕೊಮ್ಮೆ ಲೋಕಲ್ ಹಿಡಿದು ಹೋಗಿ ಕಿತ್ತಳು. ಬೆರಳು ಸೀಳಿದವು, ಬಿಡಲಿಲ್ಲ. ಗಣಪತಿ ಹಬ್ಬ ಕಳೆದು ಮಳೆ ಹಿಂದೆ ಸರಿಯುವ ಹೊತ್ತಿಗೆ ಸೊಂಟದೆತ್ತರ ಕರಡ ನಿಂತಿತ್ತು, ನಡುನಡುವೆ ನೆಲ ಕಾಣುವಂತೆ. ಚಳಿಗೆ ಅದು ತಾಮ್ರದ ಬಣ್ಣಕ್ಕೆ ತಿರುಗಿತು. ರಾಟವಾಳ ಹಕ್ಕಿಗಳ ಹಿಂಡು ತೆನೆಗೆ ಜೋತಾಡಿತು. ಕೆಂಬೂತ ಬಂತು. ನೆಲದಿಂದ ನೇರ ಮೇಲೆದ್ದು ಹಾಡುವ ಪುಟ್ಟ ಹಕ್ಕಿಯೊಂದು ಬಂತು. ಪ್ರತಿ ಸಲವೂ ಗುಲಶನ ಧಾತ್ರಿಗೆ ಫೋನು ಹಚ್ಚುವಳು.

"ಬೇಟಿ, ಹಾಡಕೋಂತ ಮ್ಯಾಲ ಹೋಗತೈತಿ, ಒಮ್ಮೆಲೆ ಕಲ್ಲಿನಂಗ ಬೀಳತೈತಿ! ಯಾವ್ದದು?"

"ಆಂಟೀ, ನೆಲಗುಬ್ಬಿ! ತಡೀರಿ, ನಾನೂ ಬರ್ತೀನಿ, ಈಗ್ಲೇ ಹೊರಟೆ!"

ಮಾರ್ಚಿನಲ್ಲಿ ಒಂದು ದಿನ ಅಮೀರಸಾಬನೂ ಬಂದ. ಪಿಂಡಿ ಕಟ್ಟುವ ತುಕ್ಕು ಹಿಡಿದ ಯಂತ್ರವನ್ನು ಯಾರಿಗಾದರೂ ದಾಟಿಸಬೇಕೆಂಬುದು ನೆಪ. ಗುಡ್ಡದ ಮಗ್ಗುಲಲ್ಲಿ ಹೊಗೆ ಎದ್ದದ್ದನ್ನು ಮೊದಲು ನೋಡಿದವನು ಅವನೇ. ಕಸ್ತೂರಿಬಾಯಿಯ ಮೈದುನ, ವರ್ಷದ ರೂಢಿಯಂತೆ, ತಮ್ಮ ಬಯಲಿಗೆ ಬೆಂಕಿ ಇಟ್ಟಿದ್ದ. ಗಾಳಿ ತಿರುಗಿತು. ಬೆಂಕಿ ಕರಡದ ಕಡೆ ಸಾಲುಗಟ್ಟಿ ಬರತೊಡಗಿತು.

ಗುಲಶನ ಗೋಣಿ ಹಿಡಿದು ಮುಂದೆ ನುಗ್ಗಿದಳು. ಅಮೀರಸಾಬ ಅವಳ ತೋಳು ಹಿಡಿದು ಎಳೆದ.

"ಎದುರಿಗಿ ಹೋಗಬ್ಯಾಡ! ಬೆಂಕಿ ನನಗ ಗೊತ್ತೈತಿ. ಕುಡಗೋಲು ಕೊಡ. ಬದುವಿನ ಗುಂಟ ಕೊಯ್ದು ನೆಲ ಬರಿದು ಮಾಡಬೇಕು. ಕಸ್ತೂರಿಬಾಯಿ, ನಿಮ್ಮ ಮಂದೀನ ಕರೀರಿ, ಜಲ್ದಿ!"

ಅವನು ಬಾಗಿ ಕೊಯ್ಯತೊಡಗಿದ. ಗುಲಶನ ಕೊಯ್ದದ್ದನ್ನು ಬಾಚಿ ಎಳೆದಳು. ಕಸ್ತೂರಿಬಾಯಿ, ಅವಳ ಮೈದುನ, ಓಣಿಯ ಹೆಂಗಸರು, ಎಲ್ಲರೂ ಹಸಿ ಟೊಂಗೆ ಹಿಡಿದು ಬಂದರು. ಮುಖ ಬೇಯುವಷ್ಟು ಹತ್ತಿರ ಬಂದ ಜ್ವಾಲೆ, ಬರಿದಾದ ಪಟ್ಟಿಯ ಮುಂದೆ ತಿನ್ನಲು ಏನೂ ಸಿಗದೆ ಕುಗ್ಗಿತು, ಬಡಿತಕ್ಕೆ ಸತ್ತಿತು. ಈಚೆ ಬದಿಯಲ್ಲಿ ಕರಡ ಹಾಗೇ ತೊನೆಯುತ್ತಿತ್ತು.

ಕಸ್ತೂರಿಬಾಯಿ ತಲೆ ತಗ್ಗಿಸಿ ನಿಂತಳು. "ಭಾಬಿ, ಮಾಫ್ ಕರಾ. ಹಿರೇರ ಕಾಲದಿಂದ ನಡದು ಬಂದೈತಿ, ತಿಳೀಲಿಲ್ಲ..."

ಗುಲಶನ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅಮೀರಸಾಬ ಕುಡಗೋಲು ಎತ್ತಿಕೊಂಡು ಬದು ದಾಟಿದ. ದಣಿದವನು ಕೂರುತ್ತಾನೆಂದು ಅವಳು ಎಣಿಸಿದ್ದಳು. ಅವನು ಕಸ್ತೂರಿಬಾಯಿಯ ಬಯಲಿನಲ್ಲಿ ಇನ್ನೂ ಸುಡದೆ ಉಳಿದ ಭಾಗದ ಅಂಚಿಗೆ ಹೋಗಿ, ಯಾರಿಗೂ ಏನೂ ಹೇಳದೆ, ಅದರ ಸುತ್ತಲೂ ಅಂಥದೇ ಪಟ್ಟಿ ಕೊಯ್ಯತೊಡಗಿದ. ಮೈದುನ ಒಂದು ಕ್ಷಣ ನೋಡಿದ. ಆಮೇಲೆ ಕೈಯ ಟೊಂಗೆ ಬಿಸುಟು ತನ್ನ ಕುಡಗೋಲು ತಂದ.

ಇಬ್ಬರು ಗಂಡಸರು ಪಕ್ಕಪಕ್ಕ ಬಾಗಿ ಸಾಗುತ್ತಿರುವಾಗ ಹುಲ್ಲಿನೊಳಗಿಂದ ಏನೋ ಚಂಗನೆ ಹಾರಿ ಅಮೀರಸಾಬನ ಕಾಲುಗಳ ನಡುವೆಯೇ ನುಸುಳಿ ಓಡಿತು.

"ಮೊಲಾ! ಗುಲಶನ, ಮೊಲಾ ನೋಡ!" ಅಮೀರಸಾಬ ಟೋಪಿ ಜಾರಿದ್ದೂ ತಿಳಿಯದೆ ಕೂಗಿದ. "ನಿನ್ನ ಹೊಲದ ಕಡೇನ ಹೊಂಟೈತಿ!"