ಕಿಟಕಿಯೊಳಗೆ ಬಿದ್ದ ಟವೆಲ್ಲು

ಅಕ್ಕ ಪವಿತ್ರಳ ಮಗಳು ಗಾನವಿಗೆ ಮನೆಯಲ್ಲಿ ಓದು ಕಲಿಸುವ ಭಾರ ನನ್ನ ಮೇಲೆ ಬಿದ್ದಿತ್ತು. ಕಥೆಪುಸ್ತಕದ ಹುಲಿಗೆ ಬಸ್ ಕಂಡಕ್ಟರನ ಗಂಟಲು ಕೊಟ್ಟೆ, ನರಿಗೆ ರಸಬಾಳೆ ಮಾರುವವಳ ರಾಗ, ಆಮೆಗೆ ನಮ್ಮ ಭಾವನ ಆಕಳಿಕೆ. ಹುಡುಗಿ ನಕ್ಕು ನಕ್ಕು ಚಾಪೆಯಿಂದಾಚೆ ಉರುಳುತ್ತಿದ್ದಳು. ತಿಂಗಳಾಗುವಷ್ಟರಲ್ಲಿ ಪುಸ್ತಕ ಪೂರ್ತಿ ಓದತೊಡಗಿದಳು.

ಒಂದು ಸಂಜೆ ಅಕ್ಕ ನಡುವೆಯೇ ಪುಸ್ತಕ ಕಿತ್ತುಕೊಂಡಳು. ಗಾನವಿ ಬರಿಗೈಯಲ್ಲೇ ಹುಲಿಯಾಗಿ, “ಮುಂದ್ಕೋಗಿ, ಮುಂದ್ಕೋಗಿ” ಎಂದು ಓದುತ್ತಲೇ ಇದ್ದಳು.

“ಓದು ಕಲ್ಸೋ ಅಂದ್ರೆ ನಾಟ್ಕ ಕಲ್ಸಿದ್ದೀಯಲ್ಲೋ,” ಎಂದಳು ಅಕ್ಕ. “ರಜಾ ಪೂರ್ತಿ ಸುನೀತತ್ತೆ ಮನೇಲಿರ್ಲಿ ಇವ್ಳು.”

ಸುನೀತತ್ತೆ ಭಾವನ ಅಕ್ಕ, ತಿ. ನರಸೀಪುರದಲ್ಲಿ ನಿವೃತ್ತ ಸ್ಕೂಲ್ ಮೇಡಂ. ಅವರ ಮನೆಯಲ್ಲಿ ಟಿವಿ ಕೂಡ ಕೈಕಟ್ಟಿ ಕೂತಿರುತ್ತದೆ. ಗಾನವಿಯ ನಗು ಅಲ್ಲಿಗೇ ನಿಂತಿತು. ದೇವನೂರಿನಲ್ಲಿ ನಮ್ಮವ್ವನ ಮನೆಯ ನಾಯಿ ಮರಿ ಹಾಕಿತ್ತು. ಅದಕ್ಕಾಗಿಯೇ ಅವಳು ರಜೆ ಕಾಯುತ್ತಿದ್ದಳು.

“ಅಮ್ಮ, ನಂಗೆ ನಿಜ್ವಾಗ್ಲೂ ಓದಕ್ ಬತ್ತದೆ.”

“ಅದ್ನ ಅತ್ತೆ ಮುಂದೆ ಏಳು.”

ನಮ್ಮ ಕಡೆ ಬಸ್ಸು ಬಂದಾಗ ಜನ ಮೊದಲು ನೋಡುವುದು ಬೋರ್ಡನ್ನಲ್ಲ, ಖಾಲಿ ಕಿಟಕಿಯನ್ನು. ಟವೆಲ್ ಒಳಗೆ ಬಿತ್ತೋ, ಸೀಟು ನಮ್ಮದು. ರಜೆ ಶುರುವಾದ ದಿನ ನರಸೀಪುರಕ್ಕೆ ಹೊರಟು, ನಂಜನಗೂಡು ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ನಾನು ಟವೆಲ್ ಉಂಡೆ ಮಾಡಿಕೊಂಡು ನಿಂತಿದ್ದೆ. ಮುಂದೆ ಓಡಿದ್ದ ಗಾನವಿ ಒಂದು ಬಸ್ಸಿನ ಮೂತಿಯನ್ನೊಮ್ಮೆ ನೋಡಿ ಕೂಗಿದಳು:

“ಮಾವ, ಇದೇ. ಬೇಗ ಎಸಿ.”

ಎಸೆದೆ. ಅಕ್ಕ ಕುಸ್ತಿ ಗೆದ್ದವಳಂತೆ ಸೀಟಿನಲ್ಲಿ ಕೂತಳು. ಗಾನವಿ ತುಟಿಪಿಟಕ್ಕೆನ್ನದೆ ತೊಡೆಯೇರಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಊರು ದಾಟಿದ ಮೇಲೆ ಕಂಡಕ್ಟರ್ ಬಂದ.

“ನರಸೀಪುರ,” ಎಂದೆ.

“ಇದು ದೇವನೂರು ಬಸ್ಸು ಸಾ. ಬೋರ್ಡ್ ನೋಡ್ನಿಲ್ವಾ?”

ಅಕ್ಕ ನನ್ನನ್ನು ನೋಡಿದಳು. ನಾನು ಟವೆಲನ್ನು ನೋಡಿದೆ.

“ನಾ ನೋಡ್ದೆ,” ಎಂದಳು ಗಾನವಿ. “ದೇ, ವ, ನೂ, ರು ಅಂತಿತ್ತು.” ಹುಲಿಯೂ ಇಲ್ಲ, ನರಿಯೂ ಇಲ್ಲ, ಅವಳದೇ ಪುಟ್ಟ ದನಿ.

“ಮತ್ಯಾಕೆ ಏಳ್ನಿಲ್ಲ?” ಎಂದಳು ಅಕ್ಕ.

“ಏಳಿದ್ರೆ ನೀ ಈ ಬಸ್ ಅತ್ತುಸ್ತಿದ್ಯಾ?”

ಅಕ್ಕ ಕಿಟಕಿಯ ಮೇಲೆ ಬೆರಳು ತೋರಿಸಿದಳು. “ಅಲ್ಲೇನು ಬರ್ದದೆ?”

“ಕೈ… ತ-ಲೆ… ಹೊ-ರ-ಗೆ… ಹಾ-ಕ-ಬಾ-ರ-ದು.”

ಗದರಲೆಂದು ತೆರೆದ ಅಕ್ಕನ ಬಾಯಿ ನಗುವಿಗೆ ಸಿಕ್ಕಿಕೊಂಡಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಎಲ್ರಿಗೂ ದೇವನೂರಿಗೇ ಕೊಡಿ,” ಎಂದಳು.

“ರೈಟ್, ರೈಟ್,” ಎಂದಿತು ಹುಲಿ. ಕಂಡಕ್ಟರ್ ತಾನು ಬಾಯಿ ತೆರೆಯಲಿಲ್ಲವಲ್ಲ ಎಂದು ತಿರುಗಿ ನೋಡಿದ.