ಸೋಪು ಹಚ್ಚಿದ ಮುಖ

2024ರ ಮಾರ್ಚ್ 14, ಗುರುವಾರ, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ನೀರು ಸರಬರಾಜು ಕಚೇರಿಯ ಮುಖ್ಯ ಇಂಜಿನಿಯರ್ ಮೇಜಿನ ಮೇಲೆ ಎರಡು ಕರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರು. ಒಂದನ್ನು ಬರೆದವಳು ಅದೇ ಕಚೇರಿಯ ಪ್ರಯೋಗಾಲಯದ ರಸಾಯನ ತಜ್ಞೆ. ಇನ್ನೊಂದನ್ನು ಬರೆದವಳು ಶಾಂಪೂ, ಟೂತ್‌ಪೇಸ್ಟುಗಳಿಗೆ ಜಾಹೀರಾತು ಬರೆಯುವ ಅವಳ ಒಡಹುಟ್ಟಿದ ತಂಗಿ.

ಜಲಾಶಯ ಇಳಿಯುತ್ತಿತ್ತು. ಊರಿನವರು ಕೈ ಬಿಗಿಹಿಡಿದು ನೀರು ಬಳಸುವಂತೆ ಮಾಡಬೇಕಿತ್ತು. ಒಂಬತ್ತು ವರ್ಷಗಳಿಂದ ಇಲಾಖೆಯ ಪ್ರಕಟಣೆಗಳನ್ನೆಲ್ಲ ಅಕ್ಕನೇ ಬರೆಯುತ್ತಿದ್ದಳು. ಪರೀಕ್ಷಾ ನಳಿಕೆಗಳ ನಡುವೆ ಅವಳಿಗಿದ್ದ ಒಂದೇ ಸಂಭ್ರಮ ಅದು. ಈ ಸಲ ಇಂಜಿನಿಯರ್ ರೈಲಿನಲ್ಲಿ ಎದುರು ಸೀಟಿಗೆ ಸಿಕ್ಕ ತಂಗಿಯ ಮಾತಿಗೆ ಮರುಳಾಗಿ ಅವಳಿಂದಲೂ ಒಂದು ಬರೆಸಿಕೊಂಡಿದ್ದರು. ಹೊಸ ಮೀಟರ್ ಹಾಕಿದ ಎಂಟು ವಸತಿ ಕಟ್ಟಡಗಳಿವೆ, ನಾಲ್ಕಕ್ಕೆ ಇದು, ನಾಲ್ಕಕ್ಕೆ ಅದು ಹಂಚೋಣ, ಎರಡು ವಾರದಲ್ಲಿ ಯಾವುದು ಹೆಚ್ಚು ನೀರು ಉಳಿಸುತ್ತದೋ ಅದೇ ಇಡೀ ಊರಿಗೆ, ಮುಂದೆ ಬರೆಯುವ ಕೆಲಸವೂ ಅದನ್ನು ಬರೆದವರಿಗೇ ಎಂದರು.

ಅಕ್ಕನ ಕರಪತ್ರದಲ್ಲಿ ಜಲಾಶಯದ ಮಟ್ಟವಿತ್ತು, ತಲಾ ಬಳಕೆಯಿತ್ತು, ಒಂದು ಅಚ್ಚುಕಟ್ಟಾದ ನಕ್ಷೆಯಿತ್ತು. ಒಂದು ಅಂಕಿಯೂ ತಪ್ಪಿರಲಿಲ್ಲ. ತಂಗಿಯದರಲ್ಲಿ ಇದ್ದದ್ದು ಇಷ್ಟೇ:

"ನೀವು ಕೆಳಗೆ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತಿದ್ದೀರಿ. ಮೇಲಿನ ಮನೆಯ ನಲ್ಲಿ ಕೆಮ್ಮಿ ನಿಂತಿತು. ಅಲ್ಲಿ ಒಬ್ಬರು ಮುಖದ ತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ, ಕೈ ಚಾಚಿ ನಿಂತಿದ್ದಾರೆ. ಅವರು ಯಾರೆಂದು ನಿಮಗೆ ಗೊತ್ತು. ಸ್ವಲ್ಪ ನಿಲ್ಲಿಸುತ್ತೀರಾ?"

ಅಕ್ಕ ಅದನ್ನು ಪ್ರಯೋಗಾಲಯಕ್ಕೆ ಒಯ್ದು, ಕಲಬೆರಕೆ ಹಾಲನ್ನು ಪರೀಕ್ಷಿಸುವವಳಂತೆ ಕೆಂಪು ಪೆನ್ಸಿಲ್ ಹಿಡಿದು ಕುಳಿತಳು. ಮೊದಲ ಪದವೇ "ನೀವು": ಓದುಗನ ಅಂಗಿ ಹಿಡಿದು ನಿಲ್ಲಿಸುವುದು. ಲಕ್ಷ ಜನರ ಬದಲು ಒಂದೇ ಮುಖ. ಆಜ್ಞೆಯಲ್ಲ, ಪ್ರಶ್ನೆ, ಇಲ್ಲ ಎನ್ನಲು ಓದುಗನಿಗೇ ನಾಚಿಕೆಯಾಗಬೇಕು. "ಯಾರೆಂದು ನಿಮಗೆ ಗೊತ್ತು" ಎಂಬಲ್ಲಿ ಜಾಗ ಖಾಲಿ ಬಿಟ್ಟು, ತುಂಬುವ ಕೆಲಸವನ್ನು ಓದುಗನಿಗೇ ಹೊರಿಸುವುದು. ತಂತ್ರಗಳೆಲ್ಲ ಒಂದೊಂದಾಗಿ ಕೈಗೆ ಸಿಕ್ಕವು. ಹೊಟ್ಟೆಯೊಳಗಿನ ಉರಿ ಮಾತ್ರ ಇದ್ದಲ್ಲೇ ಇತ್ತು.

ಕರಪತ್ರ ಹೇಳಿದ್ದು ಸುಳ್ಳಾದರೂ ಆಗಿರಲಿ ಎಂದು ಆಸೆಪಟ್ಟಳು. ಅಮ್ಮನೊಂದಿಗೆ ಅವಳು ಇದ್ದದ್ದು ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ಹಿತ್ತಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಮೇಲಿನ ಮನೆಯ ಮುದುಕ ಟೈಲರ್ ಹತ್ತಿರ ಹೋಗಿ ಅವರ ನಲ್ಲಿ ಬಿಟ್ಟು ನೋಡಿದಳು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ದಿನಾ ಹೀಗೇನಾ ಎಂದು ಕೇಳಿದ್ದಕ್ಕೆ ಟೈಲರ್, ನೀವು ಸ್ನಾನ ಮುಗಿಸುವ ಹೊತ್ತು ನನಗೆ ಗಡಿಯಾರವಿಲ್ಲದೆಯೇ ಗೊತ್ತು ಎಂದು ನಕ್ಕರು.

ಭಾನುವಾರ ತಂಗಿ ಬಂದಳು. ಅಮ್ಮ ಎರಡು ಕರಪತ್ರಗಳನ್ನೂ ಕನ್ನಡಕ ಹಾಕಿಕೊಂಡು ಓದಿ ಮುಗಿಸಿ, ಮಕ್ಕಳ ಚಿಕ್ಕಂದಿನಿಂದ ತಾನು ಹೇಳುತ್ತಿದ್ದುದನ್ನೇ ಹೇಳಿದಳು. "ದೊಡ್ಡವಳು ಹೇಳಿದ್ರೆ ಹೌದಲ್ವಾ ಅನ್ಸುತ್ತೆ. ಚಿಕ್ಕವಳು ಹೇಳಿದ್ರೆ ಎದ್ದು ಹೋಗಿ ಮಾಡ್ಬೇಕು ಅನ್ಸುತ್ತೆ."

"ನಿಂದು ಓದ್ತಿದ್ರೆ ಬಾಯಾರಿಕೆ ಆಗುತ್ತೆ ಕಣೇ ಅಕ್ಕಾ," ಎಂದಳು ತಂಗಿ. "ಎದ್ದು ಹೋಗಿ ನಲ್ಲಿ ಬಿಡ್ಬೇಕು ಅನ್ಸುತ್ತೆ."

ಅಮ್ಮ ನಕ್ಕಳು. ಅಕ್ಕ ನಗಲಿಲ್ಲ. ಆ ಸೋಪಿನ ಮುಖವನ್ನು ಯಾವ ಶಾಂಪೂ ಜಾಹೀರಾತಿನಿಂದ ಕದ್ದೆ ಎಂದು ಕೇಳಿದಳು.

"ಕದಿಯೋದೇನು ಬಂತು, ಅದು ನೀನೇ. ಮಹಡಿ ಮನೇಲಿದ್ದಾಗ ನೀನು ಬಾತ್‌ರೂಮಿಗೆ ಹೋದ್ರೆ ಸಾಕು, ನಾನು ಕೆಳಗಿಳಿದು ಅಂಗಳದ ನಲ್ಲಿ ಬಿಡ್ತಿದ್ನಲ್ಲ. ಎರಡು ಜಡೆ ಹಾಕ್ಕೊಂಡು, ಕಣ್ಣು ಮುಚ್ಕೊಂಡು ಎಷ್ಟು ಕೂಗ್ತಿದ್ದೆ ನೀನು. ಆಮೇಲೆ ಪಾಪ ಅನ್ಸಿ ನಿಲ್ಲಿಸ್ತಿದ್ದೆ."

ಅಕ್ಕನಿಗೆ ಸೋಪಿನ ಉರಿ ಚೆನ್ನಾಗಿ ನೆನಪಿತ್ತು. ನೀರು ಹಾಗೆ ನಿಲ್ಲುತ್ತಿದ್ದುದು ಕೊಳವೆಯ ದೋಷದಿಂದ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ತನ್ನ ಕಣ್ಣುರಿಯೂ ಇವಳ ಬಂಡವಾಳವಾಯಿತಲ್ಲ ಎಂದುಕೊಂಡಳು.

ಹೊಸ ಮೀಟರಿನ ಎಂಟರಲ್ಲಿ ಅಕ್ಕ ಇದ್ದ ಕಟ್ಟಡವೂ ಒಂದು. ಚೀಟಿ ಎತ್ತಿದಾಗ ಅದು ತಂಗಿಯ ಪಾಲಿಗೆ ಹೋಯಿತು. ಕರಪತ್ರ ಬರೆದವಳ ಮನೆಯೇ ಪರೀಕ್ಷೆಯೊಳಗಿರಬಾರದು ಎಂದು ಇಂಜಿನಿಯರಿಗೆ ಹೇಳಿದಳು. ಹೊಸ ಮೀಟರ್ ಇರುವುದೇ ಎಂಟು, ಒಬ್ಬರ ಬಕೆಟ್ಟಿನಿಂದ ಲೆಕ್ಕ ಕೆಡುವುದಿಲ್ಲ ಬಿಡಿ ಎಂದು ಅವರು ತಳ್ಳಿಹಾಕಿದರು.

ಕೊನೆಯ ರೀಡಿಂಗಿನ ಹಿಂದಿನ ಮಧ್ಯಾಹ್ನ ಅವಳು ಎಂಟೂ ಮೀಟರ್‌ಗಳನ್ನು ನೋಡಿ ಬಂದಳು. ಅವಳ ಕಟ್ಟಡಗಳೂ ನೀರು ಉಳಿಸಿದ್ದವು. ತಂಗಿಯವು ಅದಕ್ಕಿಂತ ಹನ್ನೆರಡು ಸಾವಿರ ಲೀಟರ್ ಹೆಚ್ಚು ಉಳಿಸಿದ್ದವು. ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಹಿತ್ತಲಿಗೆ ಹೋದಳು. ಅಮ್ಮ ಮಲಗಿದ್ದಳು. ಹಿತ್ತಲಿನ ನಲ್ಲಿಯ ಕೆಳಗೇ ಮೋರಿ. ಸಂಜೆ ನಾಲ್ಕರಿಂದ ಬೆಳಗ್ಗೆ ಏಳರ ರೀಡಿಂಗಿನವರೆಗೆ ಹದಿನೈದು ಗಂಟೆ. ನಿಮಿಷಕ್ಕೆ ಹದಿನೈದು ಲೀಟರ್ ಬಂದರೆ ಹದಿಮೂರೂವರೆ ಸಾವಿರ. ಕೇಳಿದವರಿಗೆ ವಾಷರ್ ಹೋಗಿತ್ತು ಎಂದರಾಯಿತು.

ಆದರೆ ಅಂದಾಜಿನ ಮೇಲೆ ಏನನ್ನೂ ಮಾಡಿ ಅಭ್ಯಾಸವಿರಲಿಲ್ಲ. ನಿಜವಾಗಿ ಹದಿನೈದು ಲೀಟರ್ ಬರುತ್ತದೆಯೇ ಎಂದು ನೋಡಲು ಗೆರೆ ಹಾಕಿದ ಬಕೆಟ್ ತಂದಿಟ್ಟು, ಗಡಿಯಾರ ನೋಡಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಒಂದು ನಿಮಿಷ ಅಳೆಯಬೇಕು, ಆಮೇಲೆ ಬಕೆಟ್ ತೆಗೆದು ಹಾಗೇ ಬಿಟ್ಟು ಒಳಗೆ ಹೋಗಬೇಕು.

ಗೋಡೆಯೊಳಗಿನ ಕೊಳವೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಮೇಲೆ ಯಾರೂ ಕೂಗಲಿಲ್ಲ. ಟೈಲರ್ ಆ ಹೊತ್ತಿನಲ್ಲಿ ಹೊರಗೆ ಹೋಗಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೂ ಅಲ್ಲಿ ಒಬ್ಬರು ಕಣ್ಣು ಮುಚ್ಚಿ ಕೈ ಚಾಚಿ ನಿಂತಿದ್ದರು, ಎರಡು ಜಡೆ ಹಾಕಿಕೊಂಡಿದ್ದರು. ಇದು ತಂತ್ರ, ಖಾಲಿ ಬಿಟ್ಟ ಜಾಗವನ್ನು ನಾನೇ ತುಂಬುತ್ತಿದ್ದೇನೆ, ಎಂದು ಅವಳು ತನಗೇ ಸ್ಪಷ್ಟವಾಗಿ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಕೈ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿತ್ತು.

ತಂಗಿಯನ್ನು ಬಾಯ್ತುಂಬ ಬೈದಳು. ಮತ್ತೆ ನಲ್ಲಿಯ ಮೇಲೆ ಕೈಯಿಟ್ಟಳು, ತಿರುಗಿಸಲಾಗಲಿಲ್ಲ. ಆಮೇಲೆ ಬಗ್ಗಿ, ನೀರು ಅಲುಗಾಡುವುದು ನಿಲ್ಲುವವರೆಗೆ ಕಾದು, ಬಕೆಟ್ಟಿನ ಗೆರೆಯನ್ನು ಓದಿದಳು. ಎರಡೂವರೆ ಲೀಟರ್, ಹತ್ತೇ ಸೆಕೆಂಡಿನದು.