ದುರ್ಗವ್ವ ಏರಿದ ಒಂದೂವರೆ ಅಡಿ

ನಾನು ಒಂದು ಲೆವೆಲ್. ನೆಲದ ಏರುತಗ್ಗು ಅಳೆಯುವ ಯಂತ್ರ. ಹಿತ್ತಾಳೆಯ ದುರ್ಬೀನು, ಅದರ ಬೆನ್ನ ಮೇಲೊಂದು ಗಾಜಿನ ಕೊಳವೆ, ಕೊಳವೆಯೊಳಗೊಂದು ಗುಳ್ಳೆ. ಹುಟ್ಟಿದ್ದು ಇಂಗ್ಲೆಂಡಿನ ಕಾರ್ಖಾನೆಯಲ್ಲಿ. ಅಲ್ಲಿ ಕನ್ನಡಕದ ಮುದುಕಿಯೊಬ್ಬಳು ಉಸಿರು ಬಿಗಿಹಿಡಿದು ನನ್ನ ಕಣ್ಣೊಳಗೆ ಜೇಡರ ಬಲೆಯ ಎರಡೆಳೆಗಳನ್ನು ಅಡ್ಡುದ್ದ ಕೂರಿಸಿದಳು. ನನಗೆ ಲೋಕ ತಲೆಕೆಳಗಾಗಿ ಕಾಣುತ್ತದೆ. ನನ್ನ ಕಾಲದ ದುರ್ಬೀನುಗಳೆಲ್ಲ ಹಾಗೇ. ಈ ದೇಶಕ್ಕೆ ಬಂದ ಮೇಲೆ ಅದರಿಂದ ನನಗೆ ವಿಶೇಷ ತೊಂದರೆಯೇನೂ ಆಗಿಲ್ಲ.

ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಹಾವೇರಿ ಸೀಮೆಯ ಒಂದು ಸರಕಾರಿ ಕಚೇರಿ ಸೇರಿದೆ. ಮೊದಲ ಕೆಲಸ ಕಾಲುವೆಯದು. ಆಗಿನ ಎಂಜಿನಿಯರರು ಬೂದಿಹೊಳಿ ಎಂಬ ಊರಿನ ಅಂಚಿನಲ್ಲಿ ಒಂದು ಕಲ್ಲು ನೆಡಿಸಿ, ಅದರ ಮೇಲೆ ಬಾಣದ ಗುರುತು ಕೆತ್ತಿಸಿದರು. ಸುತ್ತಲಿನ ಎಲ್ಲ ಎತ್ತರಗಳಿಗೂ ಅದೇ ಬುಡ. ಕಲ್ಲು ಕದಲಬಾರದು ಅನ್ನುವುದೊಂದೇ ಷರತ್ತು.

ಈ ದೇಶದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಇಲ್ಲಿ ಸೇತುವೆಗಿಂತ ಮೊದಲು ಶಂಕುಸ್ಥಾಪನೆಯ ಕಲ್ಲು ಹುಟ್ಟುತ್ತದೆ, ಕೆಲವು ಸಲ ಅದೊಂದೇ ಬದುಕಿ ಉಳಿಯುತ್ತದೆ. ಡಾಂಬರು ಆರಿದ ಮರುದಿನ ನೀರಿನ ಪೈಪಿನವರು ಬಂದು ಅಗೆಯುತ್ತಾರೆ. ಜನರಿಗೆ ಮಾತ್ರ ನನ್ನ ಗುಣ ಬೇಗ ತಿಳಿಯಿತು. ನಾನು ನೋಡಿದ ಮನೆ ಉಳಿಯುವುದಿಲ್ಲ. ನನ್ನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರೆ ಸಾಕು, ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಹೊಸ್ತಿಲು, ತುಳಸಿಕಟ್ಟೆ, ಗೋಡೆಗೆ ಬಡಿದ ಕುಳ್ಳು, ಎಲ್ಲ ನನ್ನ ಕಣ್ಣಿಗೆ ಬಿದ್ದು ಆಮೇಲೆ ಭೂಮಿಯ ಮೇಲಿಂದ ಹೋದವು. ನನ್ನ ಗಾಜಿನೊಳಗಿಂದ ಹೋಗಿಲ್ಲ.

ಕೈಯಿಂದ ಕೈಗೆ ದಾಟುತ್ತ ನಾನು ಅಂಗಡಿ ಸಾಹೇಬರ ಪಾಲಿಗೆ ಬಂದೆ. ನಾಲ್ಕು ಪಥದ ಹೆದ್ದಾರಿಯ ಕಾಲ ಅದು. ಸರ್ವೇಯರ್ ಗುರುಪಾದಪ್ಪ ಅಂಗಡಿ ಕೆಟ್ಟ ಮನುಷ್ಯರಲ್ಲ. ಮಳೆ ಹನಿದರೆ ತಮ್ಮ ತಲೆ ಬಿಟ್ಟು ನನಗೆ ಕೊಡೆ ಹಿಡಿಯುತ್ತಿದ್ದರು. ಅಂಕಿಗಳಿರುವ ಉದ್ದನೆಯ ಹಲಗೆಯನ್ನು ನನ್ನೆದುರು ಹಿಡಿದು ನಿಲ್ಲುವವನು ಮೌಲಾಸಾಬ. ಐವತ್ತರ ಆಳು, ಬಾಯಿ ಇಪ್ಪತ್ತರದು.

ಬೂದಿಹೊಳಿಯ ಬಾಣದ ಕಲ್ಲಿನಿಂದ ಅಳತೆ ಶುರುವಾಗಿ ಒಂಬತ್ತು ಕಿಲೋಮೀಟರು ನಡೆಯಿತು. ಆಚೆ ತುದಿಯ ಇನ್ನೊಂದು ಗುರುತಿನ ಕಲ್ಲಿಗೆ ಮುಟ್ಟಿದಾಗ ಲೆಕ್ಕ ಒಂದೂವರೆ ಅಡಿ ತಪ್ಪಿತು. ಸಾಹೇಬರು ಮತ್ತೆ ಅಳೆದರು. ಮತ್ತೆ ಒಂದೂವರೆ ಅಡಿ. ಮೂರನೆಯ ದಿನ ಬಾಣದ ಕಲ್ಲಿನ ಬಳಿಗೇ ಹೋದೆವು. ಅದು ಸಿಮೆಂಟಿನ ಕಟ್ಟೆಯ ಮೇಲೆ ಕುಂಕುಮ, ಹಸಿರು ಬಳೆ ತೊಟ್ಟು ಕೂತಿತ್ತು. ಪಕ್ಕದ ಕೆಳಗೇರಿಯ ಫಕ್ಕೀರವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಇದು ಯಾವ ದೇವರವ್ವ?" ಸಾಹೇಬರು ಕೇಳಿದರು.

"ಬಾಣದ ದುರ್ಗವ್ವ ರೀ. ಮೈಮ್ಯಾಲ ಬಾಣ ಐತಿ, ಕಾಣವಲ್ದೇನ್ರಿ?"

"ಮೊದಲ ಇಷ್ಟ ಎತ್ತರ ಇತ್ತೇನ?"

"ಇಲ್ರೀ ಯಪ್ಪಾ. ಮಳಿ ಬಂದ್ರ ಅವ್ವನ ಪಾದ ನೆನೀತಿದ್ವು. ಓಣ್ಯಾಗಿನವ್ರೆಲ್ಲ ಸೇರಿ, ಕಿತ್ತು, ಸಿಮೆಂಟಿನ ಕಟ್ಟಿ ಕಟ್ಟಿ ಅದರ ಮ್ಯಾಲ ಕುಂದರಿಸೀವಿ."

ಮೌಲಾಸಾಬ ನಕ್ಕುಬಿಟ್ಟ. "ಸಾಹೇಬ್ರ, ನಮಗ ಮೂವತ್ತು ವರ್ಷದಾಗ ಆಗದ ಪ್ರಮೋಷನ್ ದೇವ್ರಿಗೆ ಆಗೈತ್ರಿ!"

ಸಾಹೇಬರು ನಗಲಿಲ್ಲ. ಕೆಳಗೇರಿಯ ನೀರು ಹರಿದುಹೋಗುವ ಹಳ್ಳದ ತಳದ ಎತ್ತರವನ್ನು ಹಳೆಯ ನಕಾಶೆಯಿಂದ ತೆಗೆದಿದ್ದರು. ಏರಿದ ಕಲ್ಲಿನಿಂದ ಅಳೆದು, ರಸ್ತೆಯಡಿ ನೀರು ದಾಟಿಸುವ ಮೋರಿ ಕೂರಿಸಿದರೆ ಮೋರಿಯೂ ಒಂದೂವರೆ ಅಡಿ ಏರುತ್ತದೆ. ಹೆದ್ದಾರಿಯ ಏರಿ ಅಡ್ಡ ನಿಂತು, ಕೆಳಗೇರಿಯ ಮಳೆನೀರು ಹೊರಗೆ ಹೋಗಲಾರದೆ ಮನೆಗಳಲ್ಲೇ ನಿಲ್ಲುತ್ತದೆ. ಅಲ್ಲೇ ನಿಂತು ಮೇಲಿನವರಿಗೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

"ಅಂಗಡಿ, ಸೋಮವಾರ ಮಂತ್ರಿಗಳ ಕೈಲೆ ಗುದ್ದಲಿಪೂಜಿ ಐತಿ. ದುರ್ಗವ್ವ ಎತ್ತರ ಆಗ್ಯಾಳ, ರಸ್ತಾ ನಿಲ್ಲಸ್ರಿ ಅಂತ ಅವ್ರಿಗೆ ನಾ ಹೇಳ್ಲೇನು? ಹಂಚಿ ಹಾಕ್ರಿ."

ಹಂಚಿ ಹಾಕುವುದು ನಮ್ಮ ಕಸುಬಿನ ಒಂದು ಪದ್ಧತಿ. ಕೂದಲೆಳೆಯಷ್ಟು ತಪ್ಪು ಬಂದರೆ ದಾರಿಯುದ್ದಕ್ಕೂ ಚೂರುಚೂರು ಹಂಚಿ ಲೆಕ್ಕ ಕೂಡಿಸುತ್ತಾರೆ. ಒಂದೂವರೆ ಅಡಿಯನ್ನು ಹಂಚಿದ್ದನ್ನು ನಾನು ಅಂದೇ ಕಂಡದ್ದು. ಸಾಹೇಬರು ಕಟ್ಟೆಯ ನೆರಳಲ್ಲಿ ಕೂತು, ಪೆನ್ಸಿಲಿನ ತುದಿ ಕಚ್ಚುತ್ತ, ಒಂಬತ್ತು ಕಿಲೋಮೀಟರಿಗೂ ಬಡಿಸಿದರು. ದೂರದ ತುದಿಗೆ ಹೆಚ್ಚು, ಹತ್ತಿರಕ್ಕೆ ಕಡಿಮೆ, ಹಾಗೆಯೇ ಹಂಚಬೇಕು. ಕಲ್ಲಿನ ಪಕ್ಕದಲ್ಲೇ ಇದ್ದ ಕೆಳಗೇರಿಯ ಮೋರಿಗೆ ತಿದ್ದುಪಡಿಯ ಪಾಲು ಏನೂ ಬರಲಿಲ್ಲ, ಅದು ಒಂದೂವರೆ ಅಡಿ ಮೇಲೆಯೇ ಉಳಿಯಿತು. ಲೆಕ್ಕ ಕೂಡಿತು. ಫಕ್ಕೀರವ್ವ ಎಲ್ಲರಿಗೂ ಕೊಬ್ಬರಿ-ಸಕ್ಕರೆ ಕೊಟ್ಟಳು.

ರಸ್ತೆ ಚೆನ್ನಾಗಿಯೇ ಆಯಿತು. ಲಾರಿಗಳು ತಿರುಗಿ ನೋಡದೆ ಹೋಗುತ್ತಿದ್ದವು. ಮುಂದಿನ ಮುಂಗಾರಿನಲ್ಲಿ ನೀರು ಕೆಳಗೇರಿಗೆ ನುಗ್ಗಿ ಹನ್ನೊಂದು ದಿನ ನಿಂತಿತು. 'ಜೀವಹಾನಿ ಇಲ್ಲ' ಎಂದು ವರದಿಯಾಯಿತು. ನಾವು ಹೋದಾಗ ಎಲ್ಲ ಗೋಡೆಗಳ ಮೇಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ ಇತ್ತು. ಅಷ್ಟು ನೇರವಾದ ಗೆರೆಯನ್ನು ನನ್ನಿಂದಲೂ ಯಾರೂ ಎಳೆಸಿಲ್ಲ. ಮೌಲಾಸಾಬ ಫಕ್ಕೀರವ್ವನ ಗೋಡೆಗೆ ಹಲಗೆ ಆನಿಸಿದ. ಒಂದೂವರೆ ಅಡಿ. ಅಂದು ಅವನೂ ನಗಲಿಲ್ಲ.

ಫಕ್ಕೀರವ್ವ ನೆನೆದ ಕೌದಿಗಳನ್ನು ಹಿಂಡುತ್ತಿದ್ದಳು. "ದೇವಿನ್ನ ಎತ್ತಿ ಕುಂದರಿಸಿದ್ವಿ ಯಪ್ಪಾ," ಎಂದಳು, "ನಾವೂ ಏರಬೇಕಿತ್ತು ಅನ್ನೋದು ತಿಳೀಲಿಲ್ಲ. ನಮ್ಮದ ತಪ್ಪು."

ಸಾಹೇಬರು ನನ್ನ ಕಣ್ಣಿಗೆ ಮುಚ್ಚಳ ಹಾಕಿದರು.

"ನಿಮ್ಮ ತಪ್ಪಲ್ಲವ್ವ," ಎಂದರು. ಒಂದು ಕ್ಷಣ ನಿಜ ಹೇಳಿಯೇಬಿಡುತ್ತಾರೆ ಅಂದುಕೊಂಡೆ. "ಈ ಮಷೀನ ಕೆಟ್ಟಿತ್ತು."

ಫಕ್ಕೀರವ್ವ ಹತ್ತಿರ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಬೆನ್ನು ಸವರಿದಳು. "ಪಾಪ, ವಯಸ್ಸಾಗೇತಿ. ಬೈಬ್ಯಾಡ್ರಿ ಅದಕ್ಕ."

'ದೋಷಪೂರಿತ' ಎಂಬ ಚೀಟಿ ಕಟ್ಟಿ ನನ್ನನ್ನು ಕಚೇರಿಯ ಉಗ್ರಾಣಕ್ಕೆ ಹಾಕಿದರು. ಚೀಟಿಯ ಕೆಳಗೆ ಸಾಹೇಬರ ಸಹಿ. ಆಮೇಲೆ ಅವರು ಉಗ್ರಾಣದ ಕಡೆ ಬರಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿದ ಸದ್ದು ಮಾತ್ರ ಗೋಡೆಯಾಚೆಯಿಂದ ಕೇಳಿತು. ಎರಡು ಮಳೆಗಾಲಕ್ಕೆ ಕೆಳಗೇರಿ ಖಾಲಿಯಾಯಿತಂತೆ. ಫಕ್ಕೀರವ್ವ ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿಲ್ಲ.

ಮೌಲಾಸಾಬ ಮಾತ್ರ ಬರುತ್ತಿದ್ದ. ಅವನೂ ಕೆಲಸ ಬಿಟ್ಟಿದ್ದ. ಕಾವಲುಗಾರನಿಗೆ ಚಹಾ ಕುಡಿಸಿ ಒಳಗೆ ಬರುತ್ತಿದ್ದ. ಪ್ರತಿ ಮುಂಗಾರಿಗೆ ಖಾಲಿ ಓಣಿಗೆ ಹೋಗಿ, ಬಿದ್ದ ಮನೆಗಳ ನಡುವೆ ನಿಂತು ನೀರು ಅಳೆದು ಬರುತ್ತಿದ್ದನಂತೆ. ಯಾರೂ ಹೇಳಿದ ಕೆಲಸವಲ್ಲ. ನನ್ನ ಮೇಲಿನ ಧೂಳು ಒರೆಸಿ, ಕಿವಿಯಲ್ಲಿ ಹೇಳುವಂತೆ, "ಈ ಸಲ ಹದಿನೇಳು ಇಂಚು" ಅನ್ನುತ್ತಿದ್ದ. ಮರುವರ್ಷ ಹತ್ತೊಂಬತ್ತು. ಅದನ್ನು ಬರೆದುಕೊಳ್ಳುವ ಪುಸ್ತಕ ಸರಕಾರದಲ್ಲಿ ಇರಲಿಲ್ಲ, ನನಗೇ ಒಪ್ಪಿಸಿ ಹೋಗುತ್ತಿದ್ದ.

ಈ ವರ್ಷ ಮಳೆ ಹಿಡಿದು ಇಪ್ಪತ್ತು ದಿನವಾಯಿತು. ತಗಡಿನ ಮೇಲೆ ಹಗಲೂ ರಾತ್ರಿ ಒಂದೇ ಸದ್ದು. ಕೆಳಗೇರಿಯಲ್ಲಿ ನೀರು ಎಷ್ಟು ನಿಂತಿದೆಯೋ ತಿಳಿಯದು. ಮೌಲಾಸಾಬ ಇನ್ನೂ ಬಂದಿಲ್ಲ.